ಬಿಸಿಯೂಟ ಎಷ್ಟು ಬಿಸಿ? – ಆಹಾರ ನೈರ್ಮಲ್ಯ ನಿಯಮಗಳ ಒಂದು ವಿಮರ್ಶೆ

ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಊಟಕ್ಕೆ ಇಂಗ್ಲಿಷಿನಲ್ಲಿ 'ಮಧ್ಯಾಹ್ನದ ಊಟ' ಎಂಬ ಅರ್ಥದ ಹೆಸರಿದೆ. ಕನ್ನಡದಲ್ಲಿ ಅದು 'ಬಿಸಿಯೂಟ'. ಮೊದಲ ಹೆಸರು ಹೊತ್ತನ್ನು ಹೇಳುತ್ತದೆ, ಎರಡನೆಯದು ಉಷ್ಣತೆಯನ್ನು ಹೇಳುತ್ತದೆ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆದೇಶ ನೀಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅಂದಿನಿಂದ ಜನರ ಬಾಯಲ್ಲಿ ಅದು ಬಿಸಿಯೂಟವೇ ಆಗಿದೆ. ಆದರೆ 'ಬಿಸಿ' ಎಂದರೆ ಎಷ್ಟು ಎಂದು ಯಾರಾದರೂ ಅಳೆದು ನೋಡಿದ್ದಾರೆಯೇ? ಆಹಾರ ನಿರ್ವಹಿಸುವವರಿಗಾಗಿ ಮಾಡಿದ ನೈರ್ಮಲ್ಯ ನಿಯಮಗಳನ್ನೂ ಅವರಿಗೆ ಕೊಡುವ ತರಬೇತಿಯನ್ನೂ ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಮೂಹಿಕ ಅಡುಗೆ ನಮ್ಮ ಕಡೆಗೆ ಹೊಸದಲ್ಲ. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕೆರೆಗೂ ಹಕ್ಕಿಗಳಿಗೂ ಹೆಸರಾದ ಹದಿನಾರು ಗ್ರಾಮವನ್ನು ನಡುವಿಟ್ಟುಕೊಂಡು ನೋಡಿದರೆ, ಒಂದು ಕಡೆ ಶ್ರೀಕಂಠೇಶ್ವರನ ಜಾತ್ರೆ, ಇನ್ನೊಂದು ಕಡೆ ಸುತ್ತೂರಿನ ಜಾತ್ರೆಯ ದಾಸೋಹ, ಮತ್ತೊಂದು ಕಡೆ ತ್ರಿವೇಣಿ ಸಂಗಮದ ಕುಂಭಮೇಳ. ಇವುಗಳ ಜೊತೆಗೆ ಪ್ರತಿ ಊರಿನ ಶಾಲೆಯಲ್ಲೂ ದಿನಕ್ಕೊಮ್ಮೆ ಒಲೆ ಉರಿಯುತ್ತದೆ. ಆಹಾರ ವಿಜ್ಞಾನದಲ್ಲಿ ದೇಶಕ್ಕೇ ದಾರಿ ತೋರಿದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಿಂದ ಇದೇ ಜಿಲ್ಲೆಯ ಮೈಸೂರಿನಲ್ಲಿದೆ. ಹಾಗಿದ್ದೂ ನಾನು ನೋಡಿದ ಶಾಲಾ ಅಡುಗೆಕೋಣೆಗಳಲ್ಲಿ ತೂಕದ ತಕ್ಕಡಿ ಇತ್ತು, ದಾಸ್ತಾನು ಪುಸ್ತಕ ಇತ್ತು, ಗೋಡೆಯ ಮೇಲೆ ಸ್ವಚ್ಛತೆಯ ಸೂಚನೆಗಳಿದ್ದವು. ಥರ್ಮಾಮೀಟರ್ ಮಾತ್ರ ಒಂದರಲ್ಲೂ ಇರಲಿಲ್ಲ.

ನಿಯಮಗಳು ಏನು ಹೇಳುತ್ತವೆ?

1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಗಮನವೆಲ್ಲ ಕಲಬೆರಕೆಯ ಮೇಲಿತ್ತು. 2006ರ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಕಾಯ್ದೆ ಈ ದೃಷ್ಟಿಯನ್ನು ಬದಲಿಸಿತು. ಅಡುಗೆಯಲ್ಲಿ ಏನು ಬೆರೆತಿದೆ ಎಂಬುದರ ಜೊತೆಗೆ ಅಡುಗೆ ಹೇಗೆ ತಯಾರಾಯಿತು ಎಂಬುದೂ ಕಾನೂನಿನ ವಿಷಯವಾಯಿತು. 2011ರಲ್ಲಿ ಜಾರಿಗೆ ಬಂದ ಪರವಾನಗಿ ಮತ್ತು ನೋಂದಣಿ ವಿನಿಯಮಗಳ ನಾಲ್ಕನೆಯ ಅನುಸೂಚಿಯಲ್ಲಿ ನೈರ್ಮಲ್ಯದ ಅಗತ್ಯಗಳನ್ನು ಪಟ್ಟಿಮಾಡಲಾಯಿತು. ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರ 2017ರಲ್ಲಿ ತರಬೇತಿ ಕಾರ್ಯಕ್ರಮವನ್ನೂ ಆರಂಭಿಸಿ, ಪ್ರತಿ 25 ಮಂದಿ ಆಹಾರ ನಿರ್ವಾಹಕರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂಬ ಗುರಿಯನ್ನು ಇಟ್ಟುಕೊಂಡಿತು. ಇವೆಲ್ಲ ಸ್ವಾಗತಾರ್ಹ ಹೆಜ್ಜೆಗಳು. ಮುಂದಿನ ಟೀಕೆಯನ್ನು ಈ ಮೆಚ್ಚುಗೆಯ ಜೊತೆಯಲ್ಲೇ ಓದಬೇಕು.

ಅನುಸೂಚಿಯ ಮೊದಲ ಭಾಗ ನೋಂದಣಿ ಮಾತ್ರ ಬೇಕಾದ ಸಣ್ಣ ಆಹಾರ ತಯಾರಕರಿಗೆ ಅನ್ವಯಿಸುವಂಥದು. ಅದರಲ್ಲಿ ಸಣ್ಣ ತಯಾರಿಕಾ ಘಟಕಗಳಿಗೆ ಕೊಟ್ಟಿರುವ ಪಟ್ಟಿಯನ್ನು ಓದಿ ನೋಡಿ. ಏಪ್ರನ್, ಕೈಗವಸು, ತಲೆಗವಸು ಧರಿಸಬೇಕು, ಉಗುರು ಕತ್ತರಿಸಿರಬೇಕು, ಸೋಪಿನಿಂದ ಕೈ ತೊಳೆಯಬೇಕು, ಮೈ ತುರಿಸಿಕೊಳ್ಳಬಾರದು, ಸಡಿಲವಾದ ಒಡವೆ ಹಾಕಬಾರದು, ಉಗುಳಬಾರದು, ಗಾಯಕ್ಕೆ ಪಟ್ಟಿ ಕಟ್ಟಿರಬೇಕು. ಉಷ್ಣತೆಯ ಮಾತು ಬರುವುದು ಆಹಾರ ಸಾಗಣೆಯ ಸಂದರ್ಭದಲ್ಲಿ, 'ಅಗತ್ಯವಾದ ಉಷ್ಣತೆ'ಯನ್ನು ಕಾಪಾಡಬೇಕು ಎಂಬಷ್ಟಕ್ಕೆ ಮಾತ್ರ. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂಬ ಸಂಖ್ಯೆ ಅಲ್ಲಿಲ್ಲ. ಸಂಖ್ಯೆಗಳು ಸಿಗುವುದು ದೊಡ್ಡ ಉಪಾಹಾರ ಗೃಹಗಳಿಗಾಗಿ ಬರೆದ ಐದನೆಯ ಭಾಗದಲ್ಲಿ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ವಿಚಿತ್ರವಾಗಿ ಕಾಣದಿರದು. ಕಣ್ಣಿಗೆ ಕಾಣುವುದೆಲ್ಲ ನಿಯಮದಲ್ಲಿದೆ, ಅಳೆಯಬೇಕಾದದ್ದು ಇಲ್ಲ. ತಪಾಸಣೆಗೆ ಬಂದವರಿಗೂ ಇದು ಅನುಕೂಲ. ತಲೆಗವಸು ಇದೆಯೇ ಎಂದು ಬಾಗಿಲಲ್ಲೇ ನಿಂತು ನೋಡಬಹುದು. ಅನ್ನದ ನಡುವಿನ ಉಷ್ಣತೆ ಬಾಗಿಲಿಗೆ ಕಾಣುವುದಿಲ್ಲ.

ಸಂಖ್ಯೆ ಏಕೆ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ 'ಐದು ಸೂತ್ರ'ಗಳನ್ನು ಪ್ರಕಟಿಸಿತು: ಸ್ವಚ್ಛತೆ ಕಾಪಾಡುವುದು, ಹಸಿ ಮತ್ತು ಬೆಂದ ಆಹಾರಗಳನ್ನು ಬೇರ್ಪಡಿಸುವುದು, ಚೆನ್ನಾಗಿ ಬೇಯಿಸುವುದು, ಸುರಕ್ಷಿತ ಉಷ್ಣತೆಯಲ್ಲಿ ಇಡುವುದು, ಶುದ್ಧ ನೀರು ಮತ್ತು ಕಚ್ಚಾ ವಸ್ತು ಬಳಸುವುದು. ನಾಲ್ಕನೆಯ ಸೂತ್ರದ ತಿರುಳು ಇಷ್ಟೆ. ಬೆಂದ ಆಹಾರ ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗಿರಬೇಕು. ಕೊಠಡಿಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಕೂಡದು. 5ರಿಂದ 60 ಡಿಗ್ರಿಗಳ ನಡುವಿನದು ಅಪಾಯದ ವಲಯ.

ಬೇಯಿಸಿದ ಮೇಲೆ ಸೂಕ್ಷ್ಮಜೀವಿಗಳು ಸತ್ತಿರಬೇಕಲ್ಲವೇ ಎಂದು ಕೇಳಬಹುದು. ಎಲ್ಲವೂ ಸಾಯುವುದಿಲ್ಲ. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯ ಗಟ್ಟಿ ಕವಚದ ಬೀಜಾಣುಗಳ ರೂಪದಲ್ಲಿ ಕುದಿಯನ್ನು ತಾಳಿಕೊಳ್ಳುತ್ತದೆ. ಅನ್ನ ನಿಧಾನವಾಗಿ ಆರುವಾಗ ಬೀಜಾಣುಗಳು ಮೊಳೆತು ಬೆಳೆಯುತ್ತವೆ. ಅದು ಉತ್ಪಾದಿಸುವ ವಾಂತಿಕಾರಕ ವಿಷ 121 ಡಿಗ್ರಿಯಲ್ಲೂ ನಾಶವಾಗದು. ಅಂದರೆ ಮತ್ತೆ ಬಿಸಿಮಾಡಿ ಪ್ರಯೋಜನವಿಲ್ಲ. ಕ್ಲಾಸ್ಟ್ರೀಡಿಯಮ್ ಪರ್‌ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯದ ಬೀಜಾಣುಗಳೂ ಕುದಿಯನ್ನು ದಾಟಿ ಬರುತ್ತವೆ. ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ ಇಟ್ಟ ಗಟ್ಟಿ ಪದಾರ್ಥಗಳು, ಅದರಲ್ಲೂ ಮಾಂಸದ ಅಡುಗೆ, ಅದಕ್ಕೆ ಇಷ್ಟ. ಅದು 43ರಿಂದ 46 ಡಿಗ್ರಿಯ ಆಸುಪಾಸಿನಲ್ಲಿ ಅನುಕೂಲ ಪರಿಸ್ಥಿತಿ ಸಿಕ್ಕರೆ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂರು ಗಂಟೆಯಲ್ಲಿ 18 ಇಮ್ಮಡಿಗಳು. ಒಂದು ಜೀವಕೋಶ ಎರಡೂವರೆ ಲಕ್ಷಕ್ಕೂ ಮಿಗಿಲಾಗುತ್ತದೆ. ಇವೆರಡೂ ಅಡುಗೆಯವರ ಕೈಯಿಂದಲೇ ಬರಬೇಕೆಂದಿಲ್ಲ. ಉಗುರು ಎಷ್ಟೇ ಚಿಕ್ಕದಾಗಿದ್ದರೂ ಇವನ್ನು ತಡೆಯಲಾಗದು.

ಕೈಯ ಅಂದಾಜು, ಹಬೆಯ ಅಂದಾಜು

ಒಮ್ಮೆ ಅಡುಗೆ ಸಿಬ್ಬಂದಿಯ ಜೊತೆ ಮಾತಾಡುತ್ತಿದ್ದಾಗ, ಸಾರು ಬಿಸಿಯಾಗಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಹಿರಿಯ ಅಡುಗೆಯವರೊಬ್ಬರು, "ಹಬೆ ಆಡ್ತಾ ಅದಲ್ಲಾ ಸಾರ್, ಕೈ ಇಕ್ಕಕ್ ಆಗಲ್ಲ ಅಂದ್ರೆ ಬಿಸಿ ಅದೆ ಅಂತ್ಲೇ ಲೆಕ್ಕ" ಎಂದರು. ಅನುಭವದ ಮಾತು. ಆದರೆ ಇದನ್ನು ಪರೀಕ್ಷೆಗೆ ಒಡ್ಡೋಣ.

ನಮ್ಮ ಚರ್ಮಕ್ಕೆ ನೋವಿನ ಅರಿವು ಶುರುವಾಗುವುದು ಸುಮಾರು 43ರಿಂದ 45 ಡಿಗ್ರಿಯಲ್ಲಿ. ಆಮೇಲೆ 48 ಡಿಗ್ರಿಯೂ 'ಸುಡು', 65 ಡಿಗ್ರಿಯೂ 'ಸುಡು'. ಕೈ ಇಡಲಾಗದು ಎಂಬುದು ಆಹಾರ 45 ಡಿಗ್ರಿಯನ್ನು ದಾಟಿದೆ ಎಂದಷ್ಟೇ ಹೇಳುತ್ತದೆ, 60ನ್ನು ದಾಟಿದೆ ಎಂದಲ್ಲ. ಹಬೆಯ ಸಾಕ್ಷ್ಯ ಇನ್ನೂ ದುರ್ಬಲ. ಕಣ್ಣಿಗೆ ಕಾಣುವ ಹಬೆ ನೀರಾವಿಯಲ್ಲ, ಆವಿ ತಂಪು ಗಾಳಿಯೊಡನೆ ಬೆರೆತು ಸಾಂದ್ರೀಕರಿಸಿದ ಸೂಕ್ಷ್ಮ ಹನಿಗಳು. ಧನುರ್ಮಾಸದ ಬೆಳಗ್ಗೆ ಹೊರಗಿನ ಗಾಳಿ 18 ಡಿಗ್ರಿಯಿದ್ದು ತೇವವಾಗಿದ್ದರೆ 45 ಡಿಗ್ರಿಯ ಸಾರೂ ಚೆನ್ನಾಗಿ ಹಬೆಯಾಡುತ್ತದೆ. ಏಪ್ರಿಲ್‌ನ ಒಣ ಮಧ್ಯಾಹ್ನದಲ್ಲಿ 60 ಡಿಗ್ರಿಯ ಸಾರಿನ ಮೇಲೂ ಹಬೆ ಕಾಣುವುದು ಕಷ್ಟ. ಹೀಗೆ 45ರಿಂದ 60ರವರೆಗಿನ ಉಷ್ಣತೆಗೆ ನಮ್ಮ ಇಂದ್ರಿಯಗಳು ಕುರುಡು. ಪರ್‌ಫ್ರಿಂಜೆನ್ಸ್ ಬೆಳೆಯುವ ಉಷ್ಣತೆಗಳ ಮೇಲ್ತುದಿಯೂ ಇದೇ ವ್ಯಾಪ್ತಿಯೊಳಗೆ ಬರುತ್ತದೆ. ತರಬೇತಿಯಲ್ಲಿ 'ಬಿಸಿಯಾಗಿ ಬಡಿಸಿ' ಎಂದು ನೂರು ಸಲ ಹೇಳಿದರೂ ಉಪಕರಣವಿಲ್ಲದೆ ಅದನ್ನು ಪಾಲಿಸಲು ಯಾರಿಂದಲೂ ಆಗದು. ಇದು ಅಡುಗೆಯವರ ದೋಷವಲ್ಲ, ನಿಯಮದ ದೋಷ.

ಪಾತ್ರೆಯ ಗಾತ್ರ

ಇನ್ನೊಂದು ಲೆಕ್ಕ. 30 ಸೆಂ.ಮೀ. ವ್ಯಾಸ, 30 ಸೆಂ.ಮೀ. ಎತ್ತರದ ಪಾತ್ರೆಯ ತುಂಬ 95 ಡಿಗ್ರಿಯ ಅನ್ನವಿದೆ, ಕೊಠಡಿಯ ಉಷ್ಣತೆ 28 ಡಿಗ್ರಿ ಎಂದು ಭಾವಿಸಿ. ಅನ್ನದ ಬಹುಭಾಗ ನೀರೇ ಆದ್ದರಿಂದ ಅದರ ಶಾಖ ವಿಸರಣತೆ ನೀರಿನದರಷ್ಟೇ ಎನ್ನೋಣ. ಪಾತ್ರೆಯ ಹೊರಮೈ ತಕ್ಷಣ ಕೊಠಡಿಯ ಉಷ್ಣತೆಗೆ ಇಳಿಯಿತು ಎಂಬ ಅತ್ಯಂತ ಉದಾರ ಊಹೆಯಲ್ಲೂ, ಬರೀ ವಹನದಿಂದ ಅನ್ನದ ನಡುಭಾಗ 60 ಡಿಗ್ರಿಗೆ ಇಳಿಯಲು ಸುಮಾರು 8 ಗಂಟೆ, 35 ಡಿಗ್ರಿಗೆ ಇಳಿಯಲು ಸುಮಾರು 16 ಗಂಟೆ ಬೇಕು. ಅಂದರೆ ನಡುಭಾಗವು ಬೆಳವಣಿಗೆಗೆ ಹೇಳಿಮಾಡಿಸಿದ 60–35 ಡಿಗ್ರಿಗಳ ನಡುವೆ 8 ಗಂಟೆ ಕಳೆಯುತ್ತದೆ. ಅದೇ ಅನ್ನವನ್ನು 5 ಸೆಂ.ಮೀ. ದಪ್ಪಕ್ಕೆ ಅಗಲ ತಟ್ಟೆಯಲ್ಲಿ ಹರಡಿ, ಮೇಲೂ ಕೆಳಗೂ ಗಾಳಿಯಾಡುವಂತೆ ಇಟ್ಟರೆ ಇದೇ ಊಹೆಗಳಲ್ಲಿ ಆ ಅವಧಿ ಸುಮಾರು ಮುಕ್ಕಾಲು ಗಂಟೆ. ನಿಜವಾದ ಅನ್ನದಲ್ಲಿ ಕಾಳುಗಳ ನಡುವೆ ಉಗಿ ಸಾಗುವುದರಿಂದಲೂ ಹೊರಮೈ ಅಷ್ಟು ಬೇಗ ತಣಿಯದ ಕಾರಣದಿಂದಲೂ ಅಂಕಿಗಳು ಬದಲಾಗುತ್ತವೆ. ಆದರೆ ತತ್ತ್ವ ಬದಲಾಗದು: ಆರುವ ಸಮಯ ದಪ್ಪದ ವರ್ಗಕ್ಕೆ ಅನುಪಾತದಲ್ಲಿದೆ. ದಪ್ಪ ಇಮ್ಮಡಿಯಾದರೆ ಸಮಯ ನಾಲ್ಕು ಪಟ್ಟು.

ಈ ಲೆಕ್ಕಕ್ಕೆ ಎರಡು ಮುಖಗಳಿವೆ. ಹನ್ನೆರಡೂವರೆಗೆ ಒಲೆಯಿಂದ ಇಳಿಸಿ ಒಂದು ಗಂಟೆಯೊಳಗೆ ಬಡಿಸುವ ಶಾಲೆಗೆ ಮುಚ್ಚಿದ ದೊಡ್ಡ ಪಾತ್ರೆಯೇ ರಕ್ಷಕ. ಅದು ಶಾಖವನ್ನು ಹಿಡಿದಿಡುತ್ತದೆ. ಅದೇ ಪಾತ್ರೆ ಜಾತ್ರೆಗೆಂದು ರಾತ್ರಿಯೇ ಬೇಯಿಸಿಟ್ಟ ಅನ್ನಕ್ಕೆ, ದೂರದ ಅಡುಗೆಮನೆಯಿಂದ ಬೆಳಗಿನ ಜಾವ ಹೊರಟ ಸಾಂಬಾರಿಗೆ, ಮಿಕ್ಕಿದ ಪಲಾವಿಗೆ ಅಪಾಯಕಾರಿ. 'ಪಾತ್ರೆಯನ್ನು ಮುಚ್ಚಿಡಿ' ಎಂಬ ಒಂದೇ ಸೂಚನೆ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಕಾರಣ ತಿಳಿಸದೆ ಸೂಚನೆ ಮಾತ್ರ ಕೊಡುವ ತರಬೇತಿ ಈ ವ್ಯತ್ಯಾಸವನ್ನು ಕಲಿಸಲಾರದು.

ವರ್ಷಕ್ಕೊಮ್ಮೆ ವೈದ್ಯಕೀಯ ಪ್ರಮಾಣಪತ್ರ

ಆಹಾರ ನಿರ್ವಹಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕೆಂದು ಇದೇ ಅನುಸೂಚಿ ಹೇಳುತ್ತದೆ. ಕರುಳುಬೇನೆಗಳ ವಿರುದ್ಧ ಲಸಿಕೆ ಹಾಕಿಸಬೇಕೆಂಬುದು ಒಳ್ಳೆಯ ಮಾತು. ಆದರೆ 365 ದಿನಗಳಲ್ಲಿ ಒಂದು ದಿನ ತೆಗೆದ ಮಾದರಿ ಉಳಿದ 364 ದಿನಗಳ ಬಗ್ಗೆ ಏನು ಹೇಳೀತು? ಭೇದಿ ಎರಡು ಮೂರು ದಿನಗಳಲ್ಲಿ ಬಂದು ಹೋಗುತ್ತದೆ. ಆರೋಗ್ಯವಂತರಲ್ಲೇ ಸುಮಾರು ಐದರಲ್ಲಿ ಒಬ್ಬರಾದರೂ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯವನ್ನು ಸದಾ ಹೊತ್ತಿರುತ್ತಾರೆ. ವಾಡಿಕೆಯ ವೈದ್ಯಕೀಯ ಪರೀಕ್ಷೆಗಳಿಂದ ಆಹಾರಜನ್ಯ ರೋಗಗಳನ್ನು ತಡೆಯಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1989ರಲ್ಲೇ ಅಭಿಪ್ರಾಯಪಟ್ಟಿದ್ದರು. ಕೆಲಸದ ದಿನ ಕಾಯಿಲೆಯಿದ್ದರೆ ಅದನ್ನು ತಾವಾಗಿಯೇ ತಿಳಿಸಿ ಅಡುಗೆಯಿಂದ ದೂರವಿರುವುದು ಪ್ರಮಾಣಪತ್ರಕ್ಕಿಂತ ಹೆಚ್ಚು ಫಲಕಾರಿ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಬಿಸಿಯೂಟ ತಯಾರಿಸುವವರು ಬಹುತೇಕ ಹೆಂಗಸರು, ಗೌರವಧನದ ಮೇಲೆ ದುಡಿಯುವವರು. ಬೆಳಗ್ಗೆ ಹೊಟ್ಟೆ ಕೆಟ್ಟಿದೆ ಎಂದು ಹೇಳಿ ಮನೆಯಲ್ಲಿ ಉಳಿದರೆ ಆ ದಿನದ ಹಣಕ್ಕೆ ಯಾರು ಹೊಣೆ, ಅವರ ಜಾಗದಲ್ಲಿ ಯಾರು ಅಡುಗೆ ಮಾಡಬೇಕು? ರೋಗವಿದ್ದವರು ಕೆಲಸ ಮಾಡಕೂಡದು ಎನ್ನುವ ಅನುಸೂಚಿ ಈ ಪ್ರಶ್ನೆಯನ್ನು ಕೇಳಿಕೊಂಡೇ ಇಲ್ಲ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮಲ್ಲನ್‌ರ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. ತನಗೆ ಕಾಯಿಲೆಯ ಲಕ್ಷಣವಿಲ್ಲದೆಯೇ ಆಕೆ ಟೈಫಾಯಿಡ್ ಹರಡುತ್ತಿದ್ದರು. 1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿ ಇರಿಸಿದರು; 1910ರಲ್ಲಿ, ಮತ್ತೆ ಅಡುಗೆ ಮಾಡಬಾರದೆಂಬ ಷರತ್ತಿನ ಮೇಲೆ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಲ್ಲಿ ಬರುವ ಹಣ ಕಡಿಮೆ. ಬೇರೆ ಹೆಸರಿನಲ್ಲಿ ಆಕೆ ಅಡುಗೆಗೆ ಮರಳಿದರು. 1915ರಲ್ಲಿ ಒಂದು ಆಸ್ಪತ್ರೆಯಲ್ಲಿ 25 ಮಂದಿಗೆ ಟೈಫಾಯಿಡ್ ತಗುಲಿತು. 1938ರಲ್ಲಿ ಸಾಯುವವರೆಗೂ ಆಕೆ ಬಂಧನದಲ್ಲೇ ಉಳಿದರು. ಅನ್ನದ ದಾರಿಯನ್ನು ಮುಚ್ಚಿ, ಕಾರಣವನ್ನು ಮನದಟ್ಟು ಮಾಡದೆ ಹೇರಿದ ನಿಯಮ ಹೇಗೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ರುಚಿ ನೋಡುವ ನಿಯಮ

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮಾನೊಕ್ರೋಟೊಫಾಸ್ ಎಂಬ ಕೀಟನಾಶಕ ಇತ್ತು. ಎಣ್ಣೆಯ ಬಗ್ಗೆ ಅಡುಗೆಯಾಕೆ ಅನುಮಾನ ಹೇಳಿದ್ದರೂ ಅದಕ್ಕೆ ಬೆಲೆ ಸಿಗಲಿಲ್ಲ ಎಂದು ಆಗ ವರದಿಯಾಗಿತ್ತು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೊಬ್ಬರೂ ಸೇರಿದಂತೆ ಎರಡು ಮೂರು ಮಂದಿ ಹಿರಿಯರು ಊಟವನ್ನು ರುಚಿ ನೋಡಬೇಕು ಎಂಬ ಕ್ರಮ ಇಂದು ನಮಗೆ ಚಿರಪರಿಚಿತ. 2018ರ ಡಿಸೆಂಬರ್ 14ರಂದು ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಉದ್ದೇಶಪೂರ್ವಕವಾಗಿ ಕೀಟನಾಶಕ ಬೆರೆಸಿದ್ದರಿಂದ 17 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ದೇವಾಲಯಗಳ ಅಡುಗೆಯ ಮೇಲೂ ನಿಗಾ ಹೆಚ್ಚಿತು.

ರುಚಿ ನೋಡುವುದು ಕೆಟ್ಟ ವಾಸನೆಯನ್ನೋ ವಿಚಿತ್ರ ರುಚಿಯನ್ನೋ ಪತ್ತೆಮಾಡೀತು. ಸೂಕ್ಷ್ಮಜೀವಿಗಳ ಮುಂದೆ ಅದು ನಿರುಪಯೋಗಿ. ಸ್ಟೆಫೈಲೊಕಾಕಸ್ ವಿಷದ ಲಕ್ಷಣಗಳು ತೋರಲು ಸಾಮಾನ್ಯವಾಗಿ 1ರಿಂದ 6 ಗಂಟೆ, ಪರ್‌ಫ್ರಿಂಜೆನ್ಸ್‌ನದಕ್ಕೆ 8ರಿಂದ 16 ಗಂಟೆ, ಸಾಲ್ಮೊನೆಲ್ಲದ್ದಕ್ಕೆ 6ರಿಂದ 72 ಗಂಟೆ ಹಿಡಿಯುತ್ತದೆ. ಅರ್ಧ ಗಂಟೆ ಮೊದಲು ಉಂಡ ಶಿಕ್ಷಕರು ಆರೋಗ್ಯವಾಗಿ ಕುಳಿತಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ರಾಸಾಯನಿಕ ವಿಷ, ಸೂಕ್ಷ್ಮಜೀವಿ, ದುರುದ್ದೇಶ – ಮೂರೂ ಬೇರೆ ಬೇರೆ ಅಪಾಯಗಳು. ಮೂರಕ್ಕೂ ಬೇರೆ ಬೇರೆ ತಡೆಗಳು ಬೇಕು. ಬಿಹಾರದ ದುರಂತದಿಂದ ಕಲಿಯಬೇಕಾಗಿದ್ದ ದೊಡ್ಡ ಪಾಠ ಬೇರೆಯೇ ಇದೆ. ಅನುಮಾನ ಬಂದಾಗ 'ಇದನ್ನು ಬಡಿಸುವುದಿಲ್ಲ' ಎನ್ನುವ ಅಧಿಕಾರ ಅಡುಗೆಯವರಿಗೆ ಇರಬೇಕು. ಅಂಥ ಅಧಿಕಾರವಿಲ್ಲದ ತರಬೇತಿ ಅಪೂರ್ಣ.

ನೀರು, ಮಡಿ ಮತ್ತು ಕೈಗವಸು

ಕೈ ತೊಳೆಯುವುದನ್ನು ಹಗುರಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತೊಳೆದ ಕೈ ತೊಳೆಯುವ ನೀರಿಗಿಂತ ಶುದ್ಧವಾಗಿರಲಾರದು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಸಾಲುಂಡಿಯಲ್ಲಿ ಕುಡಿಯುವ ನೀರು ಕಲುಷಿತವಾಗಿ ಹಲವರು ಅಸ್ವಸ್ಥರಾದದ್ದು ನೆನಪಿರಬಹುದು. ಭಾರತೀಯ ಮಾನಕದ ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಮುಕ್ತ ಕ್ಲೋರಿನ್ ಉಳಿದಿರಬೇಕು. ಬಣ್ಣ ಹೋಲಿಸಿ ನೋಡುವ ಸರಳ ಕಿಟ್‌ನಿಂದ ಇದನ್ನು ಯಾವ ಶಾಲೆಯಲ್ಲೂ ಅಳೆಯಬಹುದು. ಇನ್ನು ತೆಳು ಪ್ಲಾಸ್ಟಿಕ್ ಕೈಗವಸನ್ನು ಉರಿಯುವ ಒಲೆಯ ಬಳಿ ತೊಟ್ಟರೆ ಕರಗಿ ಚರ್ಮಕ್ಕೆ ಅಂಟುವ ಅಪಾಯವಿದೆ; ಬದಲಾಯಿಸದ ಕೈಗವಸು ತೊಳೆಯದ ಕೈಗಿಂತ ಉತ್ತಮವೇನಲ್ಲ.

ಸ್ವಚ್ಛತೆಯ ಮಾತು ನಮ್ಮಲ್ಲಿ ಸುಲಭವಾಗಿ ಮಡಿಯ ಮಾತಾಗಿಬಿಡುತ್ತದೆ ಎಂಬುದನ್ನೂ ಹೇಳಲೇಬೇಕು. ಅಡುಗೆ ಮಾಡಿದವರು ದಲಿತ ಮಹಿಳೆ ಎಂಬ ಕಾರಣಕ್ಕೆ ಮಕ್ಕಳು ಊಟ ಬಿಟ್ಟ ಸುದ್ದಿಗಳು ನಮ್ಮ ರಾಜ್ಯದಲ್ಲಿ ಹಲವು ಬಾರಿ ಬಂದಿವೆ. ನಿಯಮವು ವ್ಯಕ್ತಿಯ ಉಡುಪು, ಉಗುರು, ಕೈಗಳನ್ನೇ ದಿಟ್ಟಿಸುತ್ತಿದ್ದರೆ ನೋಟವೂ ವ್ಯಕ್ತಿಯ ಮೇಲೆಯೇ ನಿಲ್ಲುತ್ತದೆ. ನಿಯಮವು ಉಷ್ಣತೆ, ಸಮಯ, ಕ್ಲೋರಿನ್‌ಗಳನ್ನು ಕೇಳತೊಡಗಿದರೆ ಚರ್ಚೆ ಪಾತ್ರೆಯ ಕಡೆಗೆ ತಿರುಗುತ್ತದೆ. ಥರ್ಮಾಮೀಟರಿಗೆ ಅಡುಗೆಯವರ ಜಾತಿ ತಿಳಿಯದು.

ಏನು ಮಾಡಬಹುದು?

ಟೀಕಿಸಿ ಸುಮ್ಮನಾಗುವುದು ಶಿಕ್ಷಕರಿಗೆ ಒಪ್ಪುವುದಿಲ್ಲ. ಪ್ರತಿ ಅಡುಗೆಕೋಣೆಗೂ ಸ್ಟೀಲ್ ಸಲಾಕೆಯ ಒಂದು ಡಿಜಿಟಲ್ ಥರ್ಮಾಮೀಟರ್ ಬೇಕು. ಪ್ರಯೋಗಾಲಯದ ಗಾಜಿನ, ಪಾದರಸದ ಥರ್ಮಾಮೀಟರನ್ನು ಆಹಾರದಲ್ಲಿ ಎಂದೂ ಅದ್ದಬಾರದು. ಅದರ ನಿಖರತೆಯನ್ನು ಶಾಲೆಯಲ್ಲೇ ಪರೀಕ್ಷಿಸಬಹುದು: ಕರಗುತ್ತಿರುವ ಮಂಜುಗಡ್ಡೆಯಲ್ಲಿ 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನಲ್ಲಿ ನಮ್ಮ ಸೀಮೆಯಲ್ಲಿ 100 ತೋರಿಸದು. ಸಮುದ್ರಮಟ್ಟದಿಂದ ಏಳುನೂರು ಮೀಟರಿನ ಆಸುಪಾಸಿನಲ್ಲಿರುವ ನಮ್ಮಲ್ಲಿ ನೀರು ಕುದಿಯುವುದು ಸುಮಾರು 97ರಿಂದ 98 ಡಿಗ್ರಿಯಲ್ಲಿ. ಏಕೆ ಎಂಬುದೇ ಒಂದು ಒಳ್ಳೆಯ ಪಾಠ.

ಪ್ರೌಢಶಾಲೆಯ ಮಕ್ಕಳು ಅಡುಗೆಯವರ ಜೊತೆ ಸೇರಿ, ಒಲೆಯಿಂದ ಇಳಿಸಿದಾಗಿನಿಂದ ಕೊನೆಯ ಪಂಕ್ತಿಯವರೆಗೆ ಹತ್ತು ನಿಮಿಷಕ್ಕೊಮ್ಮೆ ಸಾಂಬಾರಿನ ಉಷ್ಣತೆ ಗುರುತಿಸಿ ನಕ್ಷೆ ಬಿಡಿಸಲಿ. ಪ್ರತಿ ಸಲ ಸಲಾಕೆಯನ್ನು ತೊಳೆದು ಅದ್ದಬೇಕು. ಪಾತ್ರೆಯ ನಡುವೆ ಒಂದು, ಅಂಚಿನಲ್ಲಿ ಒಂದು ಅಳತೆ ಬೇಕು. ನ್ಯೂಟನ್ನನ ಶೀತಲನ ನಿಯಮವನ್ನು ನಾವು ಕ್ಯಾಲೊರಿಮಾಪಕದಲ್ಲಿ ಕಲಿಸಿ, ಪರೀಕ್ಷೆಯಲ್ಲಿ ಕೇಳಿ, ಮರೆಯುತ್ತೇವೆ. ಐವತ್ತು ಹೆಜ್ಜೆ ದೂರದಲ್ಲಿ ಅದೇ ನಿಯಮ ದಿನವೂ ಕೆಲಸ ಮಾಡುತ್ತಿರುತ್ತದೆ. ಈ ಲೋಪದಲ್ಲಿ ಭೌತವಿಜ್ಞಾನ ಕಲಿಸುವ ನನ್ನಂಥವರ ಪಾಲೂ ಇದೆ.

ತರಬೇತಿಯೂ ಬದಲಾಗಬೇಕು. ಅರ್ಧ ದಿನವೋ ಒಂದು ದಿನವೋ ಕೂರಿಸಿ ಪರದೆಯ ಮೇಲೆ ಚಿತ್ರ ತೋರಿಸಿ ಪ್ರಮಾಣಪತ್ರ ಕೊಡುವ ಬದಲು, ಅವರದೇ ಅಡುಗೆಕೋಣೆಯಲ್ಲಿ, ಅವರದೇ ಪಾತ್ರೆಯಲ್ಲಿ ಅಳೆದು ತೋರಿಸಬೇಕು. 'ಹಬೆ ಆಡ್ತಾ ಅದೆ' ಎಂದ ಆ ತಾಯಿಯ ಕೈಗೆ ಸಲಾಕೆ ಕೊಟ್ಟು, ಹಬೆಯಾಡುತ್ತಿರುವ ಸಾರು 52 ಡಿಗ್ರಿ ತೋರಿಸುವುದನ್ನು ಆಕೆಯೇ ಓದಲಿ. ಮರುದಿನದಿಂದ ಆಕೆಗೆ ಯಾರೂ ನಿಯಮ ಹೇಳಬೇಕಾಗಿಲ್ಲ. ನಿಯಮ ಬರೆಯುವವರು ಮಾಡಬೇಕಾದದ್ದು ಇಷ್ಟೆ: ಸಣ್ಣವರ ಪಟ್ಟಿಯಲ್ಲೂ 60 ಡಿಗ್ರಿ, ಎರಡು ಗಂಟೆ ಎಂಬ ಎರಡು ಸಂಖ್ಯೆಗಳನ್ನು ಬರೆಯುವುದು, ಅಳೆಯುವ ಸಾಧನವನ್ನು ಒದಗಿಸುವುದು, ಕಾಯಿಲೆ ಬಿದ್ದ ದಿನ ಹಣ ಕಳೆದುಕೊಳ್ಳದೆ ಮನೆಯಲ್ಲಿ ಉಳಿಯುವ ಹಕ್ಕನ್ನು ಕೊಡುವುದು. ಹೆಸರಿನಲ್ಲೇ ಬಿಸಿ ಇರುವ ಊಟ ಎಲೆಯ ಮೇಲೂ ಬಿಸಿಯಾಗಿರಲು ಇಷ್ಟಾದರೂ ಬೇಕು.